ಸ್ಟಿಕ್ಕಿನ ಬೆನ್ನ ಮೇಲೆ ಹೆಡ್ ಮೇಷ್ಟ್ರು

ಪೀಂ!

ಸೀಟಿ ಕೇಳಿದ್ದೇ ಧನ್ಯಶ್ರೀ ನಿಂತುಬಿಟ್ಟಳು. ಚೆಂಡು ಮಾತ್ರ ನಿಲ್ಲಲಿಲ್ಲ. ಉರುಳಿಕೊಂಡು ಸೀದಾ ಗೋಲಿನೊಳಗೆ ಹೋಯಿತು. ಗೋಲು ಎಂದರೆ ಎರಡು ಕಲ್ಲು, ಒಂದೊಂದರ ಮೇಲೂ ಒಂದೊಂದು ಸ್ಕೂಲ್ ಬ್ಯಾಗು.

"ಗೋಲ್ ಸಾರ್!"

"ಎಲ್ಲಿ ಗೋಲು? ಬ್ಯಾಕ್ ಸ್ಟಿಕ್!" ಪಿ.ಟಿ. ಮೇಷ್ಟ್ರು ತೀರ್ಥೇಶ್ ಸರ್ ಹತ್ತಿರ ಬಂದರು. "ಈ ಹಾಕಿ ಸ್ಟಿಕ್ಕಿಗೆ ಎಷ್ಟು ಕಡೆ ಇದೆಯಮ್ಮಾ?"

"ಎರಡು ಸಾರ್. ಒಂದು ಚಪ್ಪಟೆ, ಇನ್ನೊಂದು ಉಬ್ಬು."

"ಚೆಂಡು ಹೊಡೆಯೋದು ಯಾವ ಕಡೇಲಿ?"

"ಚಪ್ಪಟೆ ಕಡೇಲಿ ಸಾರ್."

"ನೀನು ಹೊಡೆದಿದ್ದು?"

ಧನ್ಯ ಸ್ಟಿಕ್ಕಿನ ಕಡೆ ನೋಡಿದಳು, ತಪ್ಪೆಲ್ಲ ಅದರದ್ದೇ ಎನ್ನುವ ಹಾಗೆ. "ಉಬ್ಬಿದ ಕಡೇಲಿ ಸಾರ್. ಆದ್ರೆ ನಾನು ಹೊಡೀಲಿಲ್ಲ, ಅದು ತಾನಾಗೇ ಮುಂದೆ ಬಂದ್ಬಿಡ್ತು."

"ತಾನಾಗೇ ಬರಕ್ಕೆ ಅದೇನು ನಿಮ್ಮನೆ ಬೆಕ್ಕಾ?"

ಬೇವಿನ ಮರದ ಕೆಳಗೆ ಕೂತಿದ್ದ ಹಾಲೇಶ್ ಹೊಟ್ಟೆ ಹಿಡಿದುಕೊಂಡು ನಕ್ಕ. ಹಾಲೇಶ್ ಧನ್ಯಳ ಚಿಕ್ಕಪ್ಪನ ಮಗ. ಇಬ್ಬರದೂ ಒಂದೇ ಮನೆ, ಒಂದೇ ಕ್ಲಾಸು. ಐದನೇ ಕ್ಲಾಸು.

ಆ ಸಂಜೆ ಅದೇ ಥರ ಎಷ್ಟು ಸಲ ಸೀಟಿ ಕೇಳಿಸಿತೋ. ಪ್ರತಿ ಸಲವೂ ಚೆಂಡನ್ನು ತಂದುಕೊಡುತ್ತಿದ್ದವಳು ಮೂರನೇ ಕ್ಲಾಸಿನ ಸೌಮ್ಯ. ಒಂದು ಸಲ ಚೆಂಡು ಕೊಟ್ಟವಳು ಅಲ್ಲೇ ನಿಂತು, ಧನ್ಯಳ ಸ್ಟಿಕ್ಕನ್ನು ಒಂದು ಬೆರಳಿನಲ್ಲಿ ಮುಟ್ಟಿ ನೋಡಿದಳು.

"ಏಯ್! ಮುಟ್ಬೇಡ ಕಣೇ! ದೂರ ಹೋಗು!" ಧನ್ಯ ಕಿರುಚಿದಳು. ಸೌಮ್ಯ ಬೇವಿನ ಮರದ ಹಿಂದಕ್ಕೆ ಓಡಿದಳು.

ನಿಜ ಹೇಳಬೇಕೆಂದರೆ ತಪ್ಪು ಸ್ಟಿಕ್ಕಿನದ್ದೂ ಅಲ್ಲ, ಧನ್ಯಳದ್ದೂ ಅಲ್ಲ. ತಪ್ಪು ತೋಟದ್ದು.

ಪಂಚನಹಳ್ಳಿ ಶಾಲೆಯ ಹಾಕಿ ಸ್ಟಿಕ್ಕುಗಳು ಇಷ್ಟು ದಿನ ಏಳನೇ ಕ್ಲಾಸಿನ ಅಕ್ಕಂದಿರ ಕೈಯಲ್ಲಿದ್ದವು. ಚಿಕ್ಕವರಿಗೆ ಅವನ್ನು ನೋಡುವುದಷ್ಟೇ ಭಾಗ್ಯ. ಅದಕ್ಕೇ ಧನ್ಯ ತೆಂಗಿನ ತೋಟದಲ್ಲಿ ಉದುರಿದ ಗರಿಯ ದಪ್ಪ ಬುಡ ಕತ್ತರಿಸಿ, ಅಜ್ಜಿಯ ಮಚ್ಚಿನಲ್ಲಿ ಕೆತ್ತಿಸಿಕೊಂಡು ತನ್ನದೇ ಸ್ಟಿಕ್ಕು ಮಾಡಿಕೊಂಡಿದ್ದಳು. ಉದುರಿ ಬಿದ್ದ ತೆಂಗಿನ ಹೀಚೇ ಚೆಂಡು. ಆ ಸ್ಟಿಕ್ಕು ಎರಡು ಕಡೆಯೂ ಒಂದೇ ಥರ. ಹೀಚು ಬಲಕ್ಕೆ ಬಂದರೆ ಈ ಕಡೆ, ಎಡಕ್ಕೆ ಬಂದರೆ ಆ ಕಡೆ. ಟಪ್, ಟಪ್! ಅಲ್ಲಿ ಸೀಟಿ ಊದುವವರು ಯಾರು? ಅಜ್ಜಿಯ ನೀರಿನ ಹಂಡೆಗೆ ತಾಗಬಾರದು, ಅದೊಂದೇ ರೂಲ್ಸು.

ಈಗ ಕೈಗೆ ನಿಜವಾದ ಸ್ಟಿಕ್ಕು ಬಂದಿತ್ತು. ಆದರೆ ಕೈ ಇನ್ನೂ ತೋಟದಲ್ಲೇ ಇತ್ತು.

"ಎಡಗಡೆ ಚೆಂಡು ಬಂದ್ರೆ ಮಣಿಕಟ್ಟು ತಿರುಗ್ಸೇ! ಸ್ಟಿಕ್ಕಿನ ಮೂತಿ ಕೆಳಗೆ ಬರ್ಬೇಕು. ಚಪ್ಪಟೆ ಕಡೆ ತಾನಾಗೇ ಚೆಂಡಿನ ಹತ್ರ ಬರುತ್ತೆ," ಎಂದು ಕ್ಯಾಪ್ಟನ್ ಅನುಷಾ ಅಕ್ಕ ತೋರಿಸಿದಳು. ಅವಳ ಕೈಯಲ್ಲಿ ಸ್ಟಿಕ್ಕು ಮೀನಿನ ಬಾಲದ ಹಾಗೆ ತಿರುಗಿತು. "ಶನಿವಾರ ಹಿಂಗೇ ಆಡಿದ್ರೆ ಮುಗೀತು ಕಣೇ ನಮ್ಮ ಟೀಮಿನ ಕತೆ."

ಶನಿವಾರದ ವಿಷಯ ಹೀಗಿತ್ತು. ಏಳನೇ ಕ್ಲಾಸಿನ ಅಕ್ಕಂದಿರೆಲ್ಲ ಜೂನ್‌ಗೆ ಕಡೂರಿನ ಹೈಸ್ಕೂಲಿಗೆ ಹೋಗುತ್ತಾರೆ. ಹೆಡ್ ಮೇಷ್ಟ್ರು ರುದ್ರಮೂರ್ತಿ ಸರ್ ತೀರ್ಥೇಶ್ ಸರ್‌ಗೆ ಹೇಳಿದ್ದರು: "ದೊಡ್ಡವರು ಆಡೋದು ನೋಡಿದೀನಿ ಕಣ್ರೀ. ಮುಂದಿನ ವರ್ಷ ಆಡೋರು ಯಾರು? ಅವರನ್ನ ತೋರ್ಸಿ. ಇಲ್ದಿದ್ರೆ ಸ್ಟಿಕ್ಕುಗಳು ಬೀರುವಿಗೆ. ಕೊನೇ ಪೀರಿಯಡ್ ನಾನೇ ಗಣಿತ ತಗೋತೀನಿ."

ಅದಕ್ಕೇ ಬೀರೂರಿನ ಹುಡುಗಿಯರ ಜೊತೆ ಮ್ಯಾಚು. ಆಡುವವರು ಐದು, ಆರನೇ ಕ್ಲಾಸಿನವರು ಮಾತ್ರ. ಎಲ್ಲರಿಗಿಂತ ಮುಂದೆ ಓಡುವವಳು ಧನ್ಯ.

ದಿನಾ ಕೊನೇ ಪೀರಿಯಡ್ ಗಣಿತ! ಅದೂ ರುದ್ರಮೂರ್ತಿ ಸರ್ ಹತ್ತಿರ! ಅವರು ವರಾಂಡದಲ್ಲಿ ನಡೆದು ಬಂದರೆ ಬಿಸಿಯೂಟದ ತಟ್ಟೆಗಳೂ ಸದ್ದು ಮಾಡುತ್ತಿರಲಿಲ್ಲ.

ಮನೆಗೆ ಬಂದು ಧನ್ಯ ಸ್ಟಿಕ್ಕನ್ನು ಗೋಡೆಗೆ ಒರಗಿಸಿ, ಮುಖ ಊದಿಸಿಕೊಂಡು ಕೂತಳು. ಹಾಲೇಶ್ ಎಲ್ಲವನ್ನೂ ಅಜ್ಜಿ ತಿಮ್ಮಕ್ಕನಿಗೆ ಊದಿದ, ಸೀಟಿಯ ಸದ್ದಿನ ಸಮೇತ.

"ಅಷ್ಟೇನಾ?" ಎಂದಳು ಅಜ್ಜಿ. "ಬ್ಯಾಡದ ಕಡೀಕೆ ಸಗಣಿ ಬಳಿ. ಆ ಕಡೇಲಿ ಹೊಡ್ಯಕ್ಕೆ ನಿಂಗೇ ಹೇಸಿಗೆ ಆಯ್ತದೆ. ಕೈ ತಾನೇ ಬುದ್ಧಿ ಕಲಿತದೆ."

ಧನ್ಯಳಿಗೆ ಇದು ಬಹಳ ಒಳ್ಳೆಯ ಐಡಿಯಾ ಅನ್ನಿಸಿತು. ಮರುದಿನ ಬೆಳಿಗ್ಗೆ ದಪ್ಪಗೆ ಬಳಿದುಕೊಂಡೇ ಪ್ರಾಕ್ಟೀಸಿಗೆ ಹೋದಳು.

ಆದರೆ ಕೈಗೆ ಅಸಹ್ಯ ಆಗಲೇ ಇಲ್ಲ. ಎಡಕ್ಕೆ ಚೆಂಡು ಬಂತು, ಉಬ್ಬಿದ ಕಡೆಯಿಂದಲೇ ಪಟ್ ಅಂತ ಬಿತ್ತು ಏಟು. ಚೆಂಡು ಒಂದು ಕಡೆ ಹೋಯಿತು. ಸಗಣಿ ಇನ್ನೊಂದು ಕಡೆ ಹಾರಿತು. ಆ ಇನ್ನೊಂದು ಕಡೆಯಲ್ಲಿ ಅನುಷಾ ಅಕ್ಕ ನಿಂತಿದ್ದಳು.

"ಧನ್ಯಾ!!"

ಅನುಷಾ ಅಕ್ಕ ಕೆನ್ನೆ ಒರೆಸಿಕೊಂಡು, ಬೆರಳು ಮೂಸಿ ನೋಡಿ, ಇನ್ನೊಮ್ಮೆ ಕಿರುಚಿದಳು. ಧನ್ಯ ಬೋರ್‌ವೆಲ್ ಹತ್ತಿರ ಕೂತು ಸ್ಟಿಕ್ಕನ್ನೂ ಚೆಂಡನ್ನೂ ತೊಳೆಯಬೇಕಾಯಿತು. ಅಕ್ಕನ ಯೂನಿಫಾರ್ಮ್ ದುಪಟ್ಟಾವನ್ನೂ.

"ಅಜ್ಜಿ ಐಡಿಯಾ ಸರಿಯಾಗೇ ಇದೆ," ಎಂದ ಹಾಲೇಶ್, ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು. "ಆದ್ರೆ ನಿಂಗೆ ಸಗಣಿ ಅಂದ್ರೆ ಏನೂ ಅಲ್ಲ. ದಿನಾ ಕೊಟ್ಟಿಗೆ ಬಾಚ್ತೀಯ. ನಿಂಗೆ ಹೆದರಿಕೆ ಆಗೋದು ಏನಾದ್ರೂ ಬೇಕು. ಹಾವು?"

"ಹಾವನ್ನ ಅಂಟಿಸ್ತೀಯೇನೋ?"

"ಚಿತ್ರ ಬರೀತೀನಿ ಕಣೇ."

"ಚಿತ್ರದ ಹಾವಿಗೆ ಯಾರು ಹೆದರ್ತಾರೆ?"

ಅಷ್ಟರಲ್ಲಿ ವರಾಂಡದಲ್ಲಿ ಟಕ್ ಟಕ್ ಎಂದು ಚಪ್ಪಲಿ ಸದ್ದಾಯಿತು. ರುದ್ರಮೂರ್ತಿ ಸರ್! ಇಬ್ಬರೂ ಸೊಂಟ ನೆಟ್ಟಗೆ ಮಾಡಿ ಎದ್ದು ನಿಂತರು. ಸರ್ ಹೋದ ಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಾಲೇಶನ ಕಣ್ಣು ಮಿನುಗಿತು.

"ಬೇಡ ಕಣೋ," ಎಂದಳು ಧನ್ಯ.

"ಅವರ ಮುಖದಲ್ಲಿ ಚೆಂಡು ಹೊಡೆಯೋ ಧೈರ್ಯ ಇದೆಯೇನೇ ನಿಂಗೆ?"

ಇರಲಿಲ್ಲ.

ಮಧ್ಯಾಹ್ನ ಊಟದ ಹೊತ್ತಿಗೆ ಸ್ಟಿಕ್ಕಿನ ಉಬ್ಬಿದ ಬೆನ್ನ ಮೇಲೆ ನೀಲಿ ಸ್ಕೆಚ್ ಪೆನ್ನಿನಲ್ಲಿ ಹೆಡ್ ಮೇಷ್ಟ್ರು ಮೂಡಿದರು. ಕನ್ನಡಕ, ಗಂಟು ಹಾಕಿದ ಹುಬ್ಬು, ಮತ್ತೆ ಮೀಸೆ. ಮೀಸೆ ಬರೆಯುವಾಗ ಹಾಲೇಶನಿಗೆ ಉತ್ಸಾಹ ಹೆಚ್ಚಾಗಿ, ಅದು ಈ ಕಿವಿಯಿಂದ ಆ ಕಿವಿಯವರೆಗೂ ಬೆಳೆದುಬಿಟ್ಟಿತು.

ಸಂಜೆ ಪ್ರಾಕ್ಟೀಸಿನಲ್ಲಿ ಚೆಂಡು ಎಡಕ್ಕೆ ಬಂತು. ಧನ್ಯಳ ಕೈ ಹಳೇ ಅಭ್ಯಾಸದಂತೆ ಮುಂದಾಯಿತು. ನೀಲಿ ಹುಬ್ಬು ಗಂಟಿಕ್ಕಿಕೊಂಡು ಅವಳನ್ನೇ ನೋಡುತ್ತಿತ್ತು. 'ಅಯ್ಯೋ!' ಎಂದು ಕೈ ಗಕ್ಕನೆ ತಿರುಗಿತು. ಚಪ್ಪಟೆ ಕಡೆಯಿಂದ ಟಕ್!

ಸೀಟಿ ಊದಲಿಲ್ಲ. ತೀರ್ಥೇಶ್ ಸರ್ ಸೀಟಿಯನ್ನೇ ಬಾಯಿಂದ ತೆಗೆದು ನೋಡಿದರು, ಕೆಟ್ಟು ಹೋಯಿತೇನೋ ಎಂದು.

ಶನಿವಾರ ಬೀರೂರಿನ ಹುಡುಗಿಯರು ಬಸ್ಸಿಳಿದು ಬಂದರು. ಎಲ್ಲರದೂ ಒಂದೇ ಬಣ್ಣದ ಜರ್ಸಿ, ಮೊಣಕಾಲಿನವರೆಗೆ ಸಾಕ್ಸು. "ಅವರ ಸಾಕ್ಸು ನೋಡೇ," ಎಂದು ಯಾರೋ ಪಿಸುಗುಟ್ಟಿದರು. "ಸಾಕ್ಸು ಗೋಲ್ ಹೊಡೆಯಲ್ಲ," ಎಂದಳು ಅನುಷಾ ಅಕ್ಕ. ಆದರೂ ಅವಳು ಉಗುರು ಕಚ್ಚುತ್ತಿದ್ದಳು.

ತೀರ್ಥೇಶ್ ಸರ್ ಕೈ ಮುಗಿದು, "ಸಾರ್, ಮೊದಲನೇ ಏಟು ತಾವೇ ಹೊಡೆದು ಮ್ಯಾಚ್ ಶುರು ಮಾಡಿಕೊಡ್ಬೇಕು," ಎಂದು ಹೆಡ್ ಮೇಷ್ಟ್ರನ್ನು ಮೈದಾನದ ನಡುವೆ ಕರೆತಂದರು. "ಲೇ, ಒಂದು ಸ್ಟಿಕ್ ಕೊಡ್ರೇ ಇಲ್ಲಿ."

ಎಲ್ಲರಿಗಿಂತ ಹತ್ತಿರ ನಿಂತಿದ್ದವಳು ಧನ್ಯ.

ಅವಳು ಸ್ಟಿಕ್ಕನ್ನು ಬೆನ್ನ ಹಿಂದಕ್ಕೆ ಸರಿಸುವುದರೊಳಗೆ ತೀರ್ಥೇಶ್ ಸರ್ ಕಿತ್ತುಕೊಂಡು ಹೆಡ್ ಮೇಷ್ಟ್ರಿಗೆ ಕೊಟ್ಟೇಬಿಟ್ಟರು. ಆಚೆ ಬೇವಿನ ಮರದ ಕೆಳಗೆ ಹಾಲೇಶ್ ನಿಧಾನಕ್ಕೆ ಮರದ ಹಿಂದೆ ಸರಿದ.

ರುದ್ರಮೂರ್ತಿ ಸರ್ ಸ್ಟಿಕ್ಕನ್ನು ಈ ಕಡೆ ನೋಡಿದರು. ಆಮೇಲೆ ತಿರುಗಿಸಿ ಆ ಕಡೆ ನೋಡಿದರು.

ನಿಜವಾದ ಹುಬ್ಬು ನೀಲಿ ಹುಬ್ಬಿನಂತೆಯೇ ಗಂಟಾಯಿತು. ಧನ್ಯ ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡಳು. 'ಮುಗೀತು. ಹಾಕಿಯೂ ಮುಗೀತು, ನಾನೂ ಮುಗಿದೆ.'

ಸ್ವಲ್ಪ ಹೊತ್ತು ಯಾವ ಸದ್ದೂ ಇಲ್ಲ. ಸರ್ ಒಮ್ಮೆ ಕೆಮ್ಮಿದರು. ಆಮೇಲೆ ಟಪ್!

ಪೀಂ!

ಧನ್ಯ ಕಣ್ಣು ಬಿಟ್ಟಳು. ಚೆಂಡು ಉರುಳಿ ಹೋಗುತ್ತಿತ್ತು. ತೀರ್ಥೇಶ್ ಸರ್ ಎರಡೂ ಕೈಯಿಂದ ತಮ್ಮ ಬಾಯಿ ಮುಚ್ಚಿಕೊಂಡಿದ್ದರು.

"ಯಾಕ್ರೀ ಊದಿದ್ರಿ?"

"ತಪ್ಪಾಯ್ತು ಸಾರ್... ಅಭ್ಯಾಸ... ತಾವು ಉಬ್ಬಿದ ಕಡೇಲಿ ಹೊಡೆದ್ರಿ. ಅದು ಬ್ಯಾಕ್ ಸ್ಟಿಕ್ ಆಗುತ್ತೆ ಸಾರ್."

ಬೀರೂರಿನವರು ಮೊದಲು ನಕ್ಕರು. ಆಮೇಲೆ ಇಡೀ ಮೈದಾನ ನಕ್ಕಿತು. ರುದ್ರಮೂರ್ತಿ ಸರ್ ಮಾತ್ರ ನಗಲಿಲ್ಲ. ಧನ್ಯಳ ಹತ್ತಿರ ಬಂದು, ಚಪ್ಪಟೆ ಕಡೆ ಮೇಲೆ ಮಾಡಿ ಸ್ಟಿಕ್ಕನ್ನು ಅವಳ ಕೈಗಿಟ್ಟರು. "ತಗೋಳಮ್ಮ. ನನಗಂತೂ ಗೊತ್ತಾಗ್ಲಿಲ್ಲ. ನೀನಾದ್ರೂ ಸರಿಯಾದ ಕಡೇಲಿ ಹೊಡಿ."

ಬೈಯಲಿಲ್ಲ! ಬೈಯದಿದ್ದದ್ದೇ ಇನ್ನೂ ದೊಡ್ಡ ಭಯ. ಸ್ಟಿಕ್ಕು ತಿರುಗಿಸಿ ನೋಡುವ ಧೈರ್ಯವೇ ಧನ್ಯಳಿಗೆ ಬರಲಿಲ್ಲ. ಕೆಳಗಡೆ ಆ ಮುಖ ಇದೆ. ಅಷ್ಟು ಸಾಕಿತ್ತು.

ಬೀರೂರಿನವರು ಜೋರಾಗಿ ಆಡಿದರು. ನೋಡನೋಡುತ್ತಾ ಎರಡು ಗೋಲು ಹೊಡೆದರು. ಪಂಚನಹಳ್ಳಿಯ ಹುಡುಗಿಯರು ಮೊದಮೊದಲು ಕೋಳಿಮರಿಗಳ ಹಾಗೆ ಎಲ್ಲರೂ ಚೆಂಡಿನ ಸುತ್ತಲೇ ಸೇರುತ್ತಿದ್ದರು. "ಬಿಟ್ಟು ಬಿಟ್ಟು ನಿಂತ್ಕೊಳ್ರೇ! ಚೆಂಡೇನು ಪ್ರಸಾದನಾ?" ಅನುಷಾ ಅಕ್ಕ ಗೆರೆಯ ಆಚೆಯಿಂದ ಕೂಗಿದಳು.

ಆಮೇಲೆ ಒಮ್ಮೆ ಚೆಂಡು ಧನ್ಯಳಿಗೆ ಸಿಕ್ಕಿತು. ಓಡಿದಳು. ಒಬ್ಬಳನ್ನು ದಾಟಿದಳು, ಇನ್ನೊಬ್ಬಳನ್ನೂ ದಾಟಿದಳು. ಗೋಲಿನ ಹತ್ತಿರ ಚೆಂಡು ಎಡಕ್ಕೆ ಪುಟಿಯಿತು. ಅಲ್ಲೇ ಗೋಲಿನ ಹಿಂದೆ ಕೈ ಕಟ್ಟಿಕೊಂಡು ರುದ್ರಮೂರ್ತಿ ಸರ್ ನಿಂತಿದ್ದರು, ಕನ್ನಡಕ, ಹುಬ್ಬು, ಮೀಸೆ ಸಮೇತ.

ಮಣಿಕಟ್ಟು ತಿರುಗಿತು. ಮೀನಿನ ಬಾಲದ ಹಾಗೆ. ಟಕ್!

ಚೆಂಡು ಹೆಡ್ ಮೇಷ್ಟ್ರ ಚಪ್ಪಲಿಗೆ ಹೋಗಿ ಬಡಿಯಿತು. ಧನ್ಯ ಸೀಟಿಗೆ ಕಾದಳು. ಬ್ಯಾಕ್ ಸ್ಟಿಕ್ ಸೀಟಿಯಲ್ಲ, ಗೋಲಿನ ಉದ್ದನೆಯ ಸೀಟಿ ಕೇಳಿಸಿತು.

ಮ್ಯಾಚು ಬೀರೂರಿನವರೇ ಗೆದ್ದರು. ಅವರು ಎರಡು, ಇವರು ಒಂದು. ಎಲ್ಲರೂ ಏದುಸಿರು ಬಿಡುತ್ತಾ ಸಾಲಾಗಿ ನಿಂತರು.

ರುದ್ರಮೂರ್ತಿ ಸರ್ ಗಂಟಲು ಸರಿಮಾಡಿಕೊಂಡರು. "ಕೊನೇ ಪೀರಿಯಡ್ ಗಣಿತ..." ಎಂದರು.

ಎಲ್ಲರ ಮುಖ ಬಿದ್ದು ಹೋಯಿತು.

"...ಸೋಮವಾರ ಮಾತ್ರ ತಗೋತೀನಿ. ಉಳಿದ ದಿನ ಆಡ್ಕೊಳ್ಳಿ. ಓಡೋರು ಇದಾರೆ, ಸ್ವಲ್ಪ ಕಲೀಬೇಕು."

ಅನುಷಾ ಅಕ್ಕ ಜೋರಾಗಿ ಕೂಗಿ ಧನ್ಯಳನ್ನು ಎತ್ತಿಯೇಬಿಟ್ಟಳು. ಹಾಲೇಶ್ ಮರದ ಹಿಂದಿನಿಂದ ಈಚೆ ಬಂದ. ಆ ಗಲಾಟೆಯಲ್ಲಿ ಹೆಡ್ ಮೇಷ್ಟ್ರು ಕರ್ಚೀಫು ತೆಗೆದು ಬೆವರು ಒರೆಸಿಕೊಂಡರು. ಬಿಳೀ ಕರ್ಚೀಫಿನ ತುಂಬ ನೀಲಿ ಕಲೆ. ಒರೆಸಿದ ಹಣೆಯ ಮೇಲೂ ನೀಲಿ.

ಧನ್ಯ ಗಬಕ್ಕನೆ ಸ್ಟಿಕ್ಕು ತಿರುಗಿಸಿದಳು. ಬೆನ್ನು ಖಾಲಿ! ಕನ್ನಡಕವಿಲ್ಲ, ಹುಬ್ಬಿಲ್ಲ, ಮೀಸೆಯಿಲ್ಲ.

ಸರ್ ಅವಳ ಪಕ್ಕದಲ್ಲಿ ಹಾದು ಹೋಗುವಾಗ, ಅವಳಿಗೊಬ್ಬಳಿಗೇ ಕೇಳುವ ಹಾಗೆ ಹೇಳಿದರು: "ಮೀಸೆ ಅಷ್ಟೊಂದು ದಪ್ಪ ಇಲ್ಲ ಕಣಮ್ಮ ನಂದು."

ಧನ್ಯ ಬಾಯಿ ತೆರೆದಳು. ಹಣೆಯ ಮೇಲಿನ ನೀಲಿಯ ವಿಷಯ ಹೇಳಬೇಕೋ ಬೇಡವೋ ತಿಳಿಯದೆ ಮತ್ತೆ ಮುಚ್ಚಿದಳು.

"ಮುಖ ಎಲ್ಲಿ ಹೋಯ್ತೇ?" ಹಾಲೇಶ್ ಓಡಿ ಬಂದು ಕೇಳಿದ.

"ಮ್ಯಾಚ್ ಶುರು ಆಗೋಕೆ ಮುಂಚೇನೇ ಸರ್ ಒರೆಸಿಬಿಟ್ಟಿದ್ರು ಕಣೋ," ಎಂದಳು ಧನ್ಯ. ತನ್ನ ಬಲಗೈ, ಎಡಗೈ ಎರಡನ್ನೂ ಹೊಸದಾಗಿ ಕಂಡವಳಂತೆ ತಿರುಗಿಸಿ ನೋಡಿಕೊಂಡಳು.

ಮಂಗಳವಾರ ಕೊನೇ ಪೀರಿಯಡ್ಡು. ಚಿಕ್ಕವರಿಗೂ ಸ್ಟಿಕ್ಕು ಕೊಡಿ ಎಂದು ತೀರ್ಥೇಶ್ ಸರ್ ಹೇಳಿದ್ದರು. ಸೌಮ್ಯಳಿಗೆ ಅವಳ ಭುಜದವರೆಗೆ ಬರುವ ಸ್ಟಿಕ್ಕು ಸಿಕ್ಕಿತ್ತು. ಎಡಕ್ಕೆ ಚೆಂಡು ಬಂತು. ಉಬ್ಬಿದ ಕಡೆಯಿಂದ ಟಪ್!

ಪೀಂ!

ಹಾಲೇಶ್ ಜೇಬಿನಿಂದ ನೀಲಿ ಸ್ಕೆಚ್ ಪೆನ್ನು ತೆಗೆದು ಧನ್ಯಳ ಕೈಗೆ ಕೊಟ್ಟ. ಧನ್ಯ ಮುಚ್ಚಳ ತೆಗೆದು ಸೌಮ್ಯಳ ಹತ್ತಿರ ಹೋದಳು.

"ನಿಂಗೆ ಯಾರನ್ನ ಕಂಡ್ರೆ ಜಾಸ್ತಿ ಭಯ ಹೇಳೇ. ಬರೆದು ಕೊಡ್ತೀವಿ."

ಸೌಮ್ಯ ಹೆಬ್ಬೆರಳಿನಲ್ಲಿ ಮಣ್ಣು ಕೆದಕಿದಳು. "ಹೇಳಿದ್ರೆ ಬೈಯಲ್ಲ ತಾನೇ?"

"ಬೈಯಲ್ಲ, ಹೇಳು."

"ನೀನೇ ಅಕ್ಕ."

ಹಾಲೇಶ್ ಕೇಕೆ ಹಾಕಿದ. "ಸುಲಭ ಕಣೇ! ಎರಡು ಜಡೆ, ಒಂದು ದೊಡ್ಡ ಬಾಯಿ!"

ಧನ್ಯ ನಗಲಿಲ್ಲ. ಸೌಮ್ಯಳ ಕಡೆ ನೋಡಿದಳು. ಸೌಮ್ಯ ಒಂದು ಹೆಜ್ಜೆ ಹಿಂದೆ ಸರಿದಿದ್ದಳು. ಬೇವಿನ ಮರದ ಕಡೆಗೆ ಓಡುವವಳ ಹಾಗೆ ಆಗಲೇ ಒಂದು ಕಾಲು ತಿರುಗಿಸಿಕೊಂಡಿದ್ದಳು.

ಧನ್ಯ ಪೆನ್ನಿನ ಮುಚ್ಚಳ ಹಾಕಿ ಹಾಲೇಶನ ಜೇಬಿಗೆ ವಾಪಸ್ ತುರುಕಿದಳು. ಸೌಮ್ಯಳ ಹಿಂದೆ ಹೋಗಿ ನಿಂತು, ಅವಳ ಪುಟ್ಟ ಕೈಗಳ ಮೇಲೆ ತನ್ನ ಕೈ ಇಟ್ಟು ಸ್ಟಿಕ್ಕು ಹಿಡಿದಳು.

"ಗಟ್ಟಿ ಹಿಡೀಬೇಡ. ಮಣಿಕಟ್ಟು ಸಡಿಲ ಬಿಡು. ಹಾಂ... ಈಗ ತಿರುಗ್ಸು."

"ಅಕ್ಕಾ, ಹೆಡ್ ಮೇಷ್ಟ್ರನ್ನ ಬರೆದ್ರೆ ಆಗಲ್ವಾ?" ಎಂದು ಸೌಮ್ಯ ಪಿಸುಗುಟ್ಟಿದಳು.

"ಬೇಡ ಕಣೇ. ಮೀಸೆ ಸರಿಯಾಗಿ ಬರಲ್ಲ."

ಸೌಮ್ಯ ಕಿಸಕ್ಕನೆ ನಕ್ಕಳು. ಧನ್ಯಳ ಕೈಯೊಳಗೆ ಅವಳ ಕೈ ಹಗುರಾಯಿತು. ಹಾಲೇಶ್ ಎಡಗಡೆಗೆ ಚೆಂಡು ಉರುಳಿಸಿದ. ನಾಲ್ಕು ಕೈಗಳು ಒಟ್ಟಿಗೆ ತಿರುಗಿದವು.

ಟಕ್!

ಸೀಟಿ ಊದಲಿಲ್ಲ.