ಕೋಲ್ಡ್ ರೂಮಿನ ತಂಪು ತಪ್ಪಿದ ಎರಡು ದಿನ

ಜುಲೈ ಹದಿನಾಲ್ಕರ ಬೆಳಿಗ್ಗೆ ಹೆತ್ತೂರು ಕಡೆಯ ಎಸ್ಟೇಟಿನ ಕೂಲಿ ಲೈನಿನ ಧರ್ಮ ದೂರು ಹಿಡಿದು ಠಾಣೆಗೆ ಬಂದ. ಪ್ಯಾಕೆಟ್ ಕೋಳಿಮಾಂಸ ತಿಂದು ಮನೆಯವರೆಲ್ಲ ವಾಂತಿ ಮಾಡಿಕೊಂಡಿದ್ದರು. ತಾಯಿ ಈರಮ್ಮ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದರು.

"ಸರಿಯಾಗಿ ಬೇಯ್ಸಿದ್ರಾ?" ಇನ್ಸ್‌ಪೆಕ್ಟರ್ ಚಂದ್ರಿಕಾ ಕೇಳಿದರು.

"ಮೂಳೆ ಬಿಡೋ ಹಂಗೆ ಬೇಯ್ಸಿದ್ವಿ ಮೇಡಂ."

ಎಫ್‌ಐಆರ್ ದಾಖಲಾಯಿತು. ಬಂದೋಬಸ್ತ್ ಕೆಲಸದಿಂದ ಹಿಂದಿನ ದಿನವಷ್ಟೇ ಮರಳಿದ್ದ ಚಂದ್ರಿಕಾಗೆ ಕಣ್ಣು ಉರಿಯುತ್ತಿತ್ತು. ಆದರೂ ಪ್ಯಾಕೆಟ್ ಮಾರಿದ್ದ ಅಂಗಡಿಗೆ ಹೋಗಿ ಪಂಚನಾಮೆ ಮುಗಿಸಿ, ಉಳಿದ ಪ್ಯಾಕೆಟ್‌ಗಳನ್ನು ಐಸ್ ಪೆಟ್ಟಿಗೆಯಲ್ಲಿ ಸೀಲ್ ಮಾಡಿಸಿ ಪ್ರಯೋಗಾಲಯಕ್ಕೆ ಕಳುಹಿಸಿದರು. ಅಂಗಡಿಯ ಫ್ರಿಜ್ ಸರಿಯಾಗಿಯೇ ಇತ್ತು. ಮಾಲು ಬಂದದ್ದು ಕೆ. ಹೊಸಕೋಟೆ ಹತ್ತಿರದ ಕೋಲ್ಡ್ ಸ್ಟೋರೇಜಿನಿಂದ.

ಪ್ರಯೋಗಾಲಯದ ರಶ್ಮಿತಾ, ಅಂಗಡಿಯ ಮಾಲಿನ ಜೊತೆಗೇ ಪ್ಯಾಕ್ ಆಗಿ, ಈ ಕೋಲ್ಡ್ ಸ್ಟೋರೇಜಿಗೆ ಬಾರದೆ ನೇರವಾಗಿ ಹಾಸನಕ್ಕೆ ಹೋಗಿದ್ದ ಪ್ಯಾಕೆಟ್‌ಗಳನ್ನು ತರಿಸಿಕೊಂಡರು. ಕೆಲವನ್ನು ತಣ್ಣಗಿಟ್ಟು, ಕೆಲವನ್ನು ಹೊರಗಿಟ್ಟು, ಬ್ಯಾಕ್ಟೀರಿಯಾ ಬೆಳೆಯುವುದನ್ನು ದಿನವೂ ಎಣಿಸಿದರು.

"ತಣ್ಣಗಿದ್ದಿದ್ದರೆ ಇಷ್ಟು ಬೆಳೀತಿರಲಿಲ್ಲ ಮೇಡಂ. ಮಧ್ಯೆ ಎಲ್ಲೋ ಒಂದೆರಡು ದಿನ ತಂಪು ತಪ್ಪಿದೆ. ಬೇಯಿಸಿದರೆ ಬ್ಯಾಕ್ಟೀರಿಯಾ ಸಾಯುತ್ತೆ, ಅದು ಬಿಟ್ಟ ವಿಷ ಹೋಗಲ್ಲ."

ಮಾಲು ಅಂಗಡಿಗೆ ಬರುವ ಮುಂಚಿನ ವಾರ ಗಾಳಿಗೆ ಕಂಬ ಉರುಳಿ ಹೊಸಕೋಟೆಯಲ್ಲಿ ಎರಡು ದಿನ ಕರೆಂಟ್ ಇರಲಿಲ್ಲ. ಜನರೇಟರ್ ನಿಲ್ಲದೆ ಓಡಿತ್ತೆಂದು ಸ್ಟೋರೇಜಿನ ಮಾಲೀಕ ದೇವೀರಪ್ಪ ಹೇಳಿದ. ಅದು ಸುಳ್ಳಲ್ಲ, ಅಕ್ಕಪಕ್ಕದವರೂ ಸದ್ದು ಕೇಳಿದ್ದರು. ಆದರೆ ಹೆಡ್ ಕಾನ್‌ಸ್ಟೇಬಲ್ ಕರಿಯಪ್ಪನವರಿಗೆ ಜನರೇಟರಿನಿಂದ ಹಿತ್ತಲಿಗೆ ಎಳೆದಿದ್ದ ವೈರೊಂದು ಕಣ್ಣಿಗೆ ಬಿತ್ತು. ಅದು ಆಪರೇಟರ್ ನಂಜುಂಡನ ಒಂಟಿಕೋಣೆಯ ಮನೆ ಸೇರುತ್ತಿತ್ತು. ಒಳಗೆ ಅವನ ಹೆಂಡತಿ ಗಂಗಾಮಣಿ ಮೂಗಿಗೆ ಆಕ್ಸಿಜನ್ ನಳಿಗೆ ಹಾಕಿಕೊಂಡು ಮಲಗಿದ್ದಳು.

"ಕೋಲ್ಡ್ ರೂಮ್ ಆಫ್ ಮಾಡಿದ್ದು ನೀನೇನಾ?" ಚಂದ್ರಿಕಾ ನಂಜುಂಡನನ್ನು ಕೇಳಿದರು.

"ಹೂಂ ಮೇಡಂ. ಎರಡನ್ನೂ ಜನರೇಟರ್ ಎಳೀತಿರ್ಲಿಲ್ಲ, ಇವಳ ಮಿಷಿನ್ ನಿಂತೋಗದು. ಆಸ್ಪತ್ರೆಗೆ ಹೋಗಣ ಅಂದ್ರೆ ರಸ್ತೆಗೆ ಮರ ಬಿದ್ದಿತ್ತು."

"ಕರೆಂಟ್ ಬಂದ್ಮೇಲೆ ಯಾಕೆ ಹೇಳ್ಲಿಲ್ಲ?"

ನಂಜುಂಡ ಹೆಂಡತಿಯ ಕಡೆ ನೋಡಿದ. "ಕೆಲ್ಸ ಹೋದ್ರೆ ಈ ಮನೇನೂ ಬಿಡ್ಬೇಕು. ಪ್ಯಾಕೆಟ್ ನೋಡಕ್ಕೆ ಚೆನ್ನಾಗೇ ಇದ್ವು. ಏನೂ ಆಗಲ್ಲ ಅಂದ್ಕಂಡು ಕಳಿಸ್ಬುಟ್ಟೆ."

ಚಂದ್ರಿಕಾ ಮೊದಲು ಆಂಬುಲೆನ್ಸ್ ಕರೆಸಿದರು. ಗಂಗಾಮಣಿಯನ್ನು ಕರೆದೊಯ್ದ ಮೇಲೆ ನಂಜುಂಡನನ್ನು ಬಂಧಿಸಿದರು. ಸ್ವಿಚ್ ಆರಿಸಿದ್ದಕ್ಕೆ ಅವನನ್ನು ಬೈಯಲು ಅವರಿಗೆ ಮನಸ್ಸು ಬರಲಿಲ್ಲ. ಆದರೆ ಆಮೇಲೆ ಅವನು ಬಾಯಿ ಮುಚ್ಚಿಕೊಂಡದ್ದೇ ಈರಮ್ಮನ ಜೀವ ತೆಗೆದಿತ್ತು.

ಮರುದಿನ ಠಾಣೆಗೆ ಬಂದ ಧರ್ಮ ಎಲ್ಲವನ್ನೂ ಕೇಳಿಸಿಕೊಂಡ.

"ಅವನ ಹೆಂಡ್ತಿ, ಆಯಮ್ಮ ಹೆಂಗವ್ರೆ?"

"ಆಸ್ಪತ್ರೇಲವ್ರೆ. ಪರವಾಗಿಲ್ಲ."

ಧರ್ಮ ತಲೆಯಾಡಿಸಿದ. "ಒಂದ್ ಮಾತು ಹೇಳಿದ್ರೆ ಸಾಕಿತ್ತು ಮೇಡಂ. ಎಸೆದ್ಬುಡ್ತಿದ್ವಿ."

ಚಂದ್ರಿಕಾ ಕುರ್ಚಿ ಎಳೆದು ಅವನ ಪಕ್ಕ ಕುಳಿತರು.