ತಗಡಿನ ಡಬ್ಬಿಯ ಬ್ಯಾಟರಿ

ಸರೋವರದ ದಡದ ಕಿಸುಮು ಊರಿನಲ್ಲಿ ಕ್ಯಾಮೆರಾ ರಿಪೇರಿ ಮಾಡುವ ಒಕೆಯೋ ಒಮ್ಮೆ ಉಫ್ ಎಂದು ಊದಿದರೆ ಸಾಕು, ಕೆಟ್ಟು ಮೂರು ವರ್ಷವಾದ ಕ್ಯಾಮೆರಾ ಎದ್ದು ಕೂತು, ಮೊದಲು ಅವನದೇ ಫೋಟೊ ತೆಗೆದು, ಆಮೇಲೆ ತನ್ನ ಯಜಮಾನನ ಮನೆಯ ದಾರಿ ಹಿಡಿಯುತ್ತಿತ್ತು. ಸುಳ್ಳೆನಿಸಿದರೆ ಸರೋವರದ ಮೀನುಗಳನ್ನು ಕೇಳಿ.

ಅಂಥವನು ಒಂದು ಭಾನುವಾರ ಡುಂಗಾ ದಡದಲ್ಲಿ ಹುರಿದ ಮೀನು ತಿನ್ನುತ್ತಿದ್ದಾಗ, ಅವನ ಕಣ್ಣೆದುರಿಗೇ ಅಕುಮುವಿನ ಕ್ಯಾಮೆರಾ ನೀರಿಗೆ ಬಿತ್ತು. ಅಕುಮು ಮದುವೆ ಫೋಟೊ ತೆಗೆಯುವವಳು. ದ್ವೀಪದ ಮದುವೆ ಮುಗಿಸಿ ದೋಣಿಯಿಂದ ಇಳಿಯುವಾಗ ಕಾಲು ಜಾರಿತ್ತು, ಕೊರಳಿನ ಪಟ್ಟಿ ಕಿತ್ತು ಬಂದಿತ್ತು. ಒಕೆಯೋ ಕೈ ಕೂಡ ತೊಳೆಯದೆ ಹಾರಿದ. ಹತ್ತಾಳುದ್ದದ ನೀರು. ತಳದಲ್ಲಿ ಒಂದು ನೀರ್ಗುದುರೆ ಆಗಲೇ ಕ್ಯಾಮೆರಾವನ್ನು ಬಾಯಿಗಿಟ್ಟುಕೊಂಡಿತ್ತು. ಅದರ ಕೆನ್ನೆಗೊಂದು ಬಾರಿಸಿದ. ಅದು ಬಾಯಿ ತೆರೆದು ತಪ್ಪಾಯಿತು ಎನ್ನುವಷ್ಟರಲ್ಲಿ ಕಿತ್ತುಕೊಂಡು ಮೇಲೆ ಬಂದ.

ಅಕುಮು ಅವನನ್ನು ನೋಡಿದಳು. ಒದ್ದೆ ರೆಪ್ಪೆಗಳ ಕೆಳಗಿಂದ, ಒಂದೇ ಸಲ. ಅವತ್ತಿನಿಂದ ಒಕೆಯೋನಿಗೆ ಮೀನು ರುಚಿಸಲಿಲ್ಲ.

ಅಂಗಡಿಗೆ ಬರುವಾಗ ಅವಳು ಎರಡು ಕಿಲೋ ಅಕ್ಕಿ ಹೊತ್ತು ತಂದಿದ್ದಳು.

"ಇದ್ರಲ್ಲಿ ಹೂತಿಟ್ರೆ ನೀರೆಲ್ಲ ಎಳ್ಕೊಳ್ಳುತ್ತಂತೆ, ಫುಂಡಿ." ರಿಪೇರಿಯವರನ್ನು ಅಲ್ಲಿ ಕರೆಯುವುದೇ ಹಾಗೆ.

"ಅಕ್ಕಿ ಧೂಳು ಒಳಗೆ ಹೋದ್ರೆ ಕ್ಯಾಮೆರಾ ಗಂಜಿ ಆಗುತ್ತೆ ಅಷ್ಟೇ. ಬೇಯ್ಸಿ ತಗೊಂಡ್ ಬಾ."

ಅವನು ಬ್ಯಾಟರಿ ಮತ್ತು ಕಾರ್ಡ್ ತೆಗೆದು ಒರೆಸಿ ತಗಡಿನ ಡಬ್ಬಿಗೆ ಹಾಕಿದ. ಲೆನ್ಸ್ ಕಳಚಿದ. ಮೆತ್ತನೆಯ ಬ್ರಷ್ಷಿನಿಂದ ಕೆಸರು ಬಿಡಿಸಿ, ಹತ್ತಿಗೆ ಸ್ಪಿರಿಟ್ ಮುಟ್ಟಿಸಿ ಒಂದೊಂದೇ ಗುಂಡಿಯನ್ನು ಒರೆಸಿದ. ಮಗುವಿನ ಕಿವಿ ಒರೆಸುವ ಹಾಗೆ ಒರೆಸ್ತೀಯಲ್ಲ ಎಂದು ಅವಳು ನಕ್ಕಳು. ಮೂರು ದಿನ ಒಣಗಬೇಕು, ಯಾರೂ ಆನ್ ಮಾಡಬಾರದು ಎಂದ. ಅಂಗಡಿಯ ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಅವನೇ ಬರೆದಿದ್ದ: ಒದ್ದೆ ಕ್ಯಾಮೆರಾ ಆನ್ ಮಾಡುವವನು ಕತ್ತೆ.

ಮರುದಿನ ಅವಳು ನಿಜವಾಗಿಯೂ ಅನ್ನ ಬೇಯಿಸಿ ತಂದಳು, ಜೊತೆಗೆ ಹುರುಳಿಕಾಯಿಯ ಪಲ್ಯ. ಅವನು ಮೂರನೇ ತುತ್ತು ಬಾಯಿಗಿಡುವಾಗ ಹೇಳಿದಳು: "ಕ್ಯಾಮೆರಾ ತಡವಾದ್ರೂ ಪರ್ವಾಗಿಲ್ಲ. ಒಚೋಲನ ಫೋಟೊ ಉಳಿದ್ರೆ ಸಾಕು. ಅವನು ಹಾಗೆ ನಗೋದು ಇನ್ನೊಂದ್ಸಲ ಸಿಗಲ್ಲ."

ಒಕೆಯೋ ತುತ್ತನ್ನು ತಿರುಗಿ ತಟ್ಟೆಗೇ ಹಾಕಿದ. ಯಾರು ಒಚೋಲ ಎಂದು ಕೇಳಿದ್ದರೆ ಮುಗಿಯುತ್ತಿತ್ತು. ಒಕೆಯೋ ಕೇಳಲಿಲ್ಲ. ಅವಳು ಹೋದ ಮೇಲೆ ಅವನ ಹೊಟ್ಟೆಯೊಳಗಿನ ಉರಿಗೆ ಅಂಗಡಿಯ ತಗಡಿನ ಮಾಡು ಕೆಂಪಾಯಿತು, ದಡದ ದೋಣಿಗಳ ಡಾಂಬರು ಕರಗಿತು, ಮೂರು ಮೈಲಿ ದೂರದ ಮೀನುಗಳು ನೀರಲ್ಲೇ ಬೆಂದವು.

ಕಂಪ್ಯೂಟರಿನಲ್ಲಿ ನೋಡೋಣವೆಂದರೆ ಕರೆಂಟಿಲ್ಲ. ಅವನ ಕೈ ತಾನಾಗಿಯೇ ಡಬ್ಬಿಗೆ ಹೋಯಿತು. ಕಾರ್ಡ್ ಹಾಕಿದ. ಬ್ಯಾಟರಿ ಹಾಕಿದ. ಆನ್ ಮಾಡಿದ.

ಬಿಳಿ ಸೂಟು, ಜೇಬಿನಲ್ಲಿ ಕೆಂಪು ಹೂವು, ಬಾಯಿ ತುಂಬ ಹಲ್ಲು. ಎರಡು ಕ್ಷಣ ಅಷ್ಟೇ. ಆಮೇಲೆ ಚುರ್ ಎಂಬ ಸದ್ದು, ಸುಟ್ಟ ವಾಸನೆ, ಕತ್ತಲು.

ಮೂರನೇ ದಿನ ಅಕುಮು ಬಂದಾಗ, ಸರೋವರದ ಕೆಸರು ಬಲು ಕೆಟ್ಟದ್ದು, ಒಳಗಿನ ಬೋರ್ಡನ್ನೇ ತಿಂದುಬಿಟ್ಟಿದೆ, ಎಂಥ ಫುಂಡಿಯೂ ಏನೂ ಮಾಡಲಾಗದು ಎಂದು ಒಕೆಯೋ ನೆಲ ನೋಡುತ್ತ ಹೇಳಿದ. ಅವಳು ಡಬ್ಬಿ ತೆರೆದಳು. ಖಾಲಿ. ಕ್ಯಾಮೆರಾದ ಅಡಿಯ ಮುಚ್ಚಳ ಸರಿಸಿದಳು.

"ಬ್ಯಾಟರಿ ತಾನೇ ನಡ್ಕೊಂಡು ಒಳಗೆ ಹೋಯ್ತಾ?"

ಅವಳು ಗೋಡೆಯ ಕೆಂಪು ಅಕ್ಷರಗಳ ಮೇಲೆ ನಿಧಾನವಾಗಿ ಬೆರಳಾಡಿಸಿ, ಕೊನೆಯ ಪದದ ಮೇಲೆ ನಿಲ್ಲಿಸಿದಳು.

"ಒಚೋಲ ಯಾರು?" ಎಂದ ಕತ್ತೆ.

ಅವಳು ಅವನನ್ನು ದಿಟ್ಟಿಸಿ ನೋಡಿದಳು. ಕೋಪ ತುಟಿಯ ತನಕ ಬಂದು ಅಲ್ಲೇ ಏನೋ ಬೇರೆಯಾಯಿತು. "ಮದುಮಗ. ಶನಿವಾರ ನಾನು ಫೋಟೊ ತೆಗೆದಿದ್ದು ಅವನ ಮದುವೇನೇ. ಪಕ್ಕದಲ್ಲಿ ಹೆಂಡತಿ ನಿಂತಿದ್ಲು. ನಿನಗೆ ಹಲ್ಲೊಂದೇ ಕಾಣಿಸ್ತಾ?"

ಕಾರ್ಡಿನಲ್ಲಿ ಫೋಟೊಗಳೆಲ್ಲ ಉಳಿದಿದ್ದವು. ಕ್ಯಾಮೆರಾ ಉಳಿದಿರಲಿಲ್ಲ, ಮುಂದಿನ ಶನಿವಾರ ಇನ್ನೊಂದು ಮದುವೆಯಿತ್ತು. ಒಕೆಯೋ ಯಾರಿಗೂ ಮುಟ್ಟಗೊಡದ ತನ್ನ ಸ್ವಂತ ಕ್ಯಾಮೆರಾವನ್ನು ಕಪಾಟಿನಿಂದ ಇಳಿಸಿ, ಪಟ್ಟಿಯನ್ನು ಅವಳ ಕೊರಳಿಗೆ ಹಾಕಿದ.

"ಇನ್ಮೇಲೆ ಇದು ನಿಂದು. ಆದ್ರೆ ಯಾವನೂ ನಿನ್ನ ನೋಡಿ ಹಾಗೆ ನಗಬಾರ್ದು."

"ನಗದಿದ್ರೆ ಫೋಟೊ ಹೇಗೆ ಬರುತ್ತೆ? ನೀನೇ ಬಂದು ನನ್ನ ಪಕ್ಕದಲ್ಲಿ ನಿಂತ್ಕೋ."

ನಮ್ಮ ಲುವೋ ಜನ ಮದುವೆಯ ಕೂಟದಲ್ಲಿ ಹಾಡು ನಿಲ್ಲಿಸಿ, ಹೆಸರು ಹಿಡಿದು, ತಮ್ಮನ್ನು ತಾವೇ ಹೊಗಳಿಕೊಳ್ಳುತ್ತಾರೆ. ಪ್ರತಿ ಮದುವೆಯಲ್ಲೂ ನಾನು ಒಕೆಯೋನನ್ನು ಹೀಗೇ ಹೊಗಳುವುದು. ಈಗ ಅಕುಮು ಕ್ಯಾಮೆರಾ ಕೆಳಗಿಳಿಸಿ, ಹುಬ್ಬೇರಿಸಿ ನನ್ನತ್ತಲೇ ನೋಡುತ್ತಿದ್ದಾಳೆ. ಆಯಿತು, ನಿಜ ಹೇಳುತ್ತೇನೆ. ಒಕೆಯೋ ನಾನೇ. ನೀರು ಮೊಣಕಾಲುದ್ದವಿತ್ತು. ನೀರ್ಗುದುರೆ ಎಂದದ್ದು ಬೋರಲು ಬಿದ್ದಿದ್ದ ಹಳೆಯ ದೋಣಿ. ಜೊಂಡಿನಿಂದ ಕ್ಯಾಮೆರಾ ಎತ್ತಿದವಳು ಅವಳೇ, ಕೆಸರಿನಿಂದ ನನ್ನನ್ನು ಎತ್ತಿದವಳೂ ಅವಳೇ. ಹೊಟ್ಟೆಯುರಿಯ ವಿಷಯ ಮಾತ್ರ ಹೆಚ್ಚು ಮಾಡಿ ಹೇಳಿಲ್ಲ. ಮರ್ಯಾದೆಗೆ ಅಂಜಿ ಸ್ವಲ್ಪ ಕಡಿಮೆಯೇ ಹೇಳಿದ್ದೇನೆ.