ಒಂದೇ ತೋಳಿನ ರಕ್ತ

ಗಾಜಿನ ಪೆಟ್ಟಿಗೆಯ ಬಲೆಗೆ ಮೌಲಾಸಾಬ ನದಾಫ ತನ್ನ ಎಡತೋಳನ್ನು ಒತ್ತಿ ಹಿಡಿದನು. ಇನ್ನೂರು ಸೊಳ್ಳೆಗಳು ಒಮ್ಮೆಲೇ ಬಂದು ಕುಳಿತವು. ಹತ್ತು ನಿಮಿಷ ಅವನು ಅಲುಗಾಡಲಿಲ್ಲ.

ಇವು ಸಾಮಾನ್ಯ ಸೊಳ್ಳೆಗಳಲ್ಲ. ಡಾ. ಸುಮಿತ್ರಾ ಬನ್ನಿಗೋಳರು ಮಿದುಳು ಜ್ವರದ ವೈರಾಣುವನ್ನು ದುರ್ಬಲಗೊಳಿಸಿ ಸೊಳ್ಳೆಯ ಜೊಲ್ಲಿನಲ್ಲಿ ನೆಲೆಗೊಳಿಸಿದ್ದರು. ಇಂಥ ‘ಲಸಿಕೆ ಸೊಳ್ಳೆ’ ಕಚ್ಚಿದರೆ ಸೂಜಿಯ ಹಂಗಿಲ್ಲದೆ ಲಸಿಕೆ ದೇಹ ಸೇರುತ್ತಿತ್ತು. ತಾಯಿಸೊಳ್ಳೆಯಿಂದ ಮೊಟ್ಟೆಗೂ ಅದು ಇಳಿಯುತ್ತಿದ್ದುದರಿಂದ ಸಂಶೋಧನಾ ಕೇಂದ್ರದಲ್ಲಿ ಒಂದು ಮೂಲ ಸಂತತಿಯನ್ನು ಸಾಕಿ, ಅದರ ಮರಿಗಳನ್ನು ಊರುಗಳಲ್ಲಿ ಬಿಟ್ಟರೆ ಸಾಕಾಗಿತ್ತು. ಆದರೆ ಈ ತಳಿ ಜೀವಂತ ಮನುಷ್ಯನ ರಕ್ತವನ್ನಲ್ಲದೆ ಬೇರೇನನ್ನೂ ಮುಟ್ಟುತ್ತಿರಲಿಲ್ಲ.

ಮೂವತ್ತೆರಡನೆಯ ವಯಸ್ಸಿನಲ್ಲಿ ಸುಮಿತ್ರಾ ಈ ಯೋಚನೆ ಮುಂದಿಟ್ಟಾಗ ವಿಜ್ಞಾನಿಗಳ ಸಭೆ ನಕ್ಕಿತ್ತು. ಮೊದಲ ಪರೀಕ್ಷೆಗೆ ಯಾರೂ ಮುಂದೆ ಬಾರದಿದ್ದಾಗ ಕೇಂದ್ರದ ಜವಾನ ಮೌಲಾಸಾಬ ಅಂಗಿಯ ತೋಳು ಮಡಚಿ ನಿಂತಿದ್ದ. ಹತ್ತು ವರ್ಷಗಳಲ್ಲಿ ಕಾಲುವೆ ಬಯಲಿನ ಊರುಗಳಿಂದ ಮಿದುಳು ಜ್ವರ ಕಾಣೆಯಾಯಿತು. ಸುಮಿತ್ರಾರಿಗೆ ಪ್ರಶಸ್ತಿಗಳು ಬಂದವು. ರಕ್ತ ಕೊಡುವವರನ್ನು ವರ್ಷಕ್ಕೊಮ್ಮೆ ಬದಲಿಸಬೇಕೆಂದು ಅವರೇ ನಿಯಮ ಬರೆದಿದ್ದರು. ಬೇರೆ ಯಾರೂ ಒಪ್ಪದ ಕಾರಣ ಪ್ರತಿವರ್ಷ ‘ಹಿಂದಿನವರೇ ಮುಂದುವರಿಯಲಿ’ ಎಂದು ಸಹಿ ಹಾಕುತ್ತಿದ್ದರು.

ಯೋಜನೆಯ ಹದಿನೆಂಟನೆಯ ವರ್ಷದ ಮಳೆಗಾಲದಲ್ಲಿ ಹದಿನೇಳು ಮಕ್ಕಳು ಮಿದುಳು ಜ್ವರದಿಂದ ಸತ್ತರು.

ಸುಮಿತ್ರಾ ಕೇಂದ್ರದ ಸೊಳ್ಳೆಗಳನ್ನು ಪರೀಕ್ಷಿಸಿದರು. ಜೊಲ್ಲಿನಲ್ಲಿ ಲಸಿಕೆಯ ಸುಳಿವೇ ಇರಲಿಲ್ಲ. ಮೌಲಾಸಾಬನನ್ನು ಕರೆಸಿ ವಿಷಯ ತಿಳಿಸಿದರು.

“ನನ್ನ ರಕ್ತದಾಗ ಏನರ ಹೊಲಸ ಇತ್ತೇನ್ರಿ ಮೇಡಂ?”

“ಇಲ್ಲ ಮೌಲಾಸಾಬ. ಸಾವಿರಾರು ಸಲ ಲಸಿಕೆ ಹಾಕಿಸಿಕೊಂಡ ಹಾಗಾಯಿತು ನಿಮಗೆ. ಆ ವೈರಾಣುವನ್ನು ಕೊಲ್ಲುವ ಶಕ್ತಿ ನಿಮ್ಮ ರಕ್ತದಲ್ಲಿ ತುಂಬಿಕೊಂಡಿತು. ಅದನ್ನೇ ಕುಡಿದ ಸೊಳ್ಳೆಗಳೊಳಗಿನ ಲಸಿಕೆಯೂ ಸತ್ತುಹೋಯಿತು.”

“ಎಷ್ಟ ವರ್ಷದಿಂದ ಖಾಲಿ ಸೊಳ್ಳಿ ಬಿಟ್ಟೇವ್ರಿ?”

“ಆರು ವರ್ಷ ಆಗಿರಬಹುದು.”

“ಹಂಗಾರ ಸತ್ತ ಕೂಸುಗಳೆಲ್ಲಾ ಆರು ವರ್ಷದ ಒಳಗಿನವೇನ್ರಿ?”

ಸುಮಿತ್ರಾ ಅವನ ಮುಂದಿಟ್ಟ ಪಟ್ಟಿಯಲ್ಲಿ ಆರು ದಾಟಿದ ಒಂದು ಮಗುವೂ ಇರಲಿಲ್ಲ.

ಸಾವುಗಳ ವಿಚಾರಣೆಗೆ ಸರಕಾರ ನೇಮಿಸಿದ ಸಮಿತಿಯ ಅಧ್ಯಕ್ಷರು ವರದಿಯನ್ನು ಮೊದಲೇ ಸಿದ್ಧಪಡಿಸಿಕೊಂಡು ಬಂದಿದ್ದರು. ಜವಾನ ಮೌಲಾಸಾಬನು ಮೇಲಧಿಕಾರಿಗಳ ಗಮನಕ್ಕೆ ತಾರದೆ, ನಿಯಮ ಮೀರಿ ತನ್ನ ರಕ್ತವನ್ನೇ ಉಣಿಸಿದ್ದಾನೆ ಎಂದು ಅದರಲ್ಲಿತ್ತು.

“ಇದು ಸುಳ್ಳು,” ಎಂದರು ಸುಮಿತ್ರಾ.

“ನಿಮ್ಮ ಹೆಸರು ಕೆಟ್ಟರೆ ಜನ ಈ ಸೊಳ್ಳೆಗಳನ್ನು ಊರೊಳಗೆ ಬಿಟ್ಟುಕೊಳ್ಳುವುದಿಲ್ಲ. ಇನ್ನಷ್ಟು ಮಕ್ಕಳು ಸಾಯುತ್ತಾರೆ. ಯೋಚಿಸಿ.”

ಎರಡು ದಿನ ಸುಮಿತ್ರಾ ವರದಿಗೆ ಸಹಿ ಹಾಕಲಿಲ್ಲ. ಮೂರನೆಯ ದಿನ ಹಾಕಿದರು. ನಿವೃತ್ತಿಗೆ ಏಳು ತಿಂಗಳಿರುವಾಗ ಮೌಲಾಸಾಬ ಕೆಲಸದಿಂದ ವಜಾ ಆದನು.

ಕೇಂದ್ರವು ಐವತ್ತು ಹೊಸ ರಕ್ತದಾನಿಗಳನ್ನು ಹುಡುಕಿತು. ಶೀತಕದಲ್ಲಿಟ್ಟಿದ್ದ ಹಳೆಯ ವೈರಾಣುವಿನಿಂದ ಸಂತತಿಯನ್ನು ಮತ್ತೆ ಬೆಳೆಸಿದರು. ಎರಡು ಮಳೆಗಾಲಗಳಲ್ಲಿ ರೋಗ ಅಡಗಿತು. ಅಧ್ಯಕ್ಷರ ಲೆಕ್ಕಾಚಾರ ತಪ್ಪಿರಲಿಲ್ಲ.

ಒಂದು ದಿನ ಮೌಲಾಸಾಬ ಫೋನು ಮಾಡಿದನು.

“ಊರಾಗ ಯಾರೂ ಮಾತಾಡಸವಲ್ಲರಿ ಮೇಡಂ. ನನ್ನ ಮಗಳು ಸೈತ ತನ್ನ ಕೂಸಿನ್ನ ನನ್ನ ಕೈಯಾಗ ಕೊಡವಲ್ಲಳು. ಕಾಗದಾ ಏನೂ ಬ್ಯಾಡ. ನೀವೊಮ್ಮೆ ಬಂದು, ಇವನ ತಪ್ಪಲ್ಲ ಅಂತ ಬಾಯಿಲೆ ಒಂದ ಮಾತ ಹೇಳಿ ಹೋಗ್ರಿ.”

“ಬರುವ ರವಿವಾರ ಬರುತ್ತೇನೆ,” ಎಂದರು ಸುಮಿತ್ರಾ.

ಆ ರವಿವಾರ ಮೌಲಾಸಾಬ ಮಗಳನ್ನೂ ನೆರೆಯವರನ್ನೂ ಮನೆಯಲ್ಲಿ ಕೂಡಿಸಿ ಸಂಜೆಯವರೆಗೆ ಕಾದನು. ಬಿಳಿ ಕಾರೊಂದು ಊರ ಅಗಸಿ ಬಾಗಿಲವರೆಗೆ ಬಂದು, ಸ್ವಲ್ಪ ಹೊತ್ತು ನಿಂತು, ತಿರುಗಿ ಹೋಯಿತೆಂದು ಯಾರೋ ಹೇಳಿದರು.

ಮೌಲಾಸಾಬ ನಂಬಲಿಲ್ಲ. “ಬ್ಯಾರೆ ಯಾರದರ ಇರಬೇಕು,” ಎಂದನು. “ಮೇಡಂ ಅಗಸಿತನಾ ಬಂದ್ರ ಒಳಗ ಬರದ ಹೋಗೂದಿಲ್ಲ.”